ಕಾಣಲಿಲ್ಲ ಎಂದರೆ ಇಲ್ಲ ಎಂದಲ್ಲ

2018ರಲ್ಲಿ ಡೆಹ್ರಾಡೂನ್‌ನ ಭಾರತೀಯ ವನ್ಯಜೀವಿ ಸಂಸ್ಥೆಯ ಒಂದು ತಂಡ ಅಸ್ಸಾಂ ಮತ್ತು ಅರುಣಾಚಲ ಪ್ರದೇಶದ ಗಡಿಯಲ್ಲಿರುವ ಪೋಬಾ ಮೀಸಲು ಅರಣ್ಯದಲ್ಲಿ ಹುಡುಕಾಟ ನಡೆಸುತ್ತಿತ್ತು. ನೂರು ವರ್ಷಕ್ಕೂ ಹಿಂದೆ ನಡೆದ ಒಂದು ದಂಡಯಾತ್ರೆಯ ಜಾಡು ಹಿಡಿದು ಅವರು ಹೊರಟಿದ್ದರು. ಆ ಕಾಡಿನಲ್ಲಿ ಅವರಿಗೆ ವಿಷವಿಲ್ಲದ, ಹೆಚ್ಚು ಉದ್ದವಿಲ್ಲದ ಒಂದು ಕಂದು ಹಾವು ಸಿಕ್ಕಿತು. ಗುರುತು ಹಿಡಿಯಲು ಹೋದಾಗ ಅದು ಗೊತ್ತಿರುವ ಯಾವ ಹಾವಿಗೂ ಸರಿಯಾಗಿ ಹೊಂದಲಿಲ್ಲ. ಕೊನೆಗೆ ಕೋಲ್ಕತ್ತದ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದಲ್ಲಿ ಮತ್ತು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ ಇರುವ ಎರಡು ಹಳೆಯ ಮಾದರಿಗಳ ಜೊತೆ ಹೋಲಿಸಿ ನೋಡಿದಾಗ ಉತ್ತರ ಸಿಕ್ಕಿತು. ಅದು ಅಸ್ಸಾಂ ಕೀಲ್‌ಬ್ಯಾಕ್. ಚಹಾ ತೋಟದ ಸ್ಯಾಮ್ಯುಯೆಲ್ ಎಡ್ವರ್ಡ್ ಪೀಲ್ ಎಂಬ ಇಂಗ್ಲಿಷಿನವರು ಮೇಲಣ ಅಸ್ಸಾಮಿನ ಶಿವಸಾಗರ ಸೀಮೆಯಲ್ಲಿ ಹಿಡಿದ ಎರಡು ಹಾವುಗಳನ್ನು ಆಧರಿಸಿ 1891ರಲ್ಲಿ ಅದಕ್ಕೆ ಹೆಸರಿಡಲಾಗಿತ್ತು. ಆ ಎರಡರ ನಂತರ ಮೂರನೆಯದು ವಿಜ್ಞಾನದ ಕೈಗೆ ಸಿಗಲು 129 ವರ್ಷ ಬೇಕಾಯಿತು.

ಪತ್ರಿಕೆಗಳಲ್ಲಿ ಇದು ‘ಅಳಿದೇ ಹೋಗಿದೆ ಎಂದುಕೊಂಡಿದ್ದ ಹಾವು ಮರಳಿ ಬಂತು’ ಎಂಬ ಧಾಟಿಯಲ್ಲಿ ಸುದ್ದಿಯಾಯಿತು. ಹಾವು ಎಲ್ಲಿಗೂ ಹೋಗಿರಲಿಲ್ಲ. ಆ 129 ವರ್ಷ ಅದು ಹುಟ್ಟಿ, ಬೆಳೆದು, ಮೊಟ್ಟೆ ಇಟ್ಟು ಅಲ್ಲೇ ಇತ್ತು. ಸುದ್ದಿಯಾಗಬೇಕಾದದ್ದು ಬೇರೆಯೇ ಒಂದು ಸಂಗತಿ. ಈ ನಡುವೆ ಯಾರಾದರೂ ಪೋಬಾದ ಕಾಡಿನಲ್ಲಿ ಎರಡು ವಾರ ಸಮೀಕ್ಷೆ ಮಾಡಿ ಹಾವುಗಳ ಪಟ್ಟಿಯೊಂದನ್ನು ಕೊಟ್ಟಿದ್ದರೆ ಅದರಲ್ಲಿ ಈ ಹೆಸರು ಬಹುಶಃ ಇರುತ್ತಿರಲಿಲ್ಲ. ಪಟ್ಟಿಯಲ್ಲಿ ಇಲ್ಲದ್ದನ್ನು ಕಾಡಿನಲ್ಲೂ ಇಲ್ಲ ಎಂದು ಓದಿಕೊಂಡು ಆ ಕಾಡನ್ನು ಕಡಿಯಲು ಯಾರಾದರೂ ಅನುಮತಿ ಕೊಟ್ಟಿದ್ದರೆ ಅದು ಕಾನೂನಿನ ಕಣ್ಣಿಗೆ ತಪ್ಪಾಗಿಯೂ ಕಾಣುತ್ತಿರಲಿಲ್ಲ.

ಕನ್ನಡದಲ್ಲಿ ‘ಕಾಣಲಿಲ್ಲ’ ಎಂಬ ಮಾತಿನೊಳಗೇ ‘ಇಲ್ಲ’ ಅಡಗಿದೆ. ಕಾಣಲ್ ಮತ್ತು ಇಲ್ಲ ಸೇರಿ ಆದ ಮಾತು ಅದು. ಒಂದು ಸಮೀಕ್ಷೆಯ ವರದಿ ಕಾಡಿನಿಂದ ಕಚೇರಿಗೆ, ಕಚೇರಿಯಿಂದ ಸಮಿತಿಗೆ, ಸಮಿತಿಯಿಂದ ಆದೇಶಕ್ಕೆ ಸಾಗುವಾಗ ಆಗುವುದು ಇಷ್ಟೇ: ಮಾತಿನ ಮೊದಲರ್ಧ ಉದುರಿ ಹೋಗುತ್ತದೆ, ‘ಇಲ್ಲ’ ಮಾತ್ರ ಉಳಿಯುತ್ತದೆ. ಕಾಣಲಿಲ್ಲ ಎನ್ನುವಾಗ ನೋಡಿದ ಮನುಷ್ಯ, ನೋಡಿದ ಹೊತ್ತು, ನೋಡಿದ ಜಾಗ ಎಲ್ಲವೂ ಮಾತಿನ ಹಿಂದೆ ಇರುತ್ತವೆ. ಇಲ್ಲ ಎಂದ ಕೂಡಲೇ ಅವೆಲ್ಲ ಮಾಯವಾಗಿ ಕಾಡಿನ ಮೇಲೆ ಒಂದು ತೀರ್ಪು ಮಾತ್ರ ನಿಲ್ಲುತ್ತದೆ. ಹೆಚ್ಚು ಅಧ್ಯಯನವಾಗದ ಬೆಟ್ಟಸೀಮೆಗಳಲ್ಲಿ, ಅದರಲ್ಲೂ ಕಪ್ಪೆ, ಹಾವು, ಓತಿಕ್ಯಾತಗಳ ವಿಷಯದಲ್ಲಿ, ಇದು ವ್ಯಾಕರಣದ ಸೂಕ್ಷ್ಮವಾಗಿ ಉಳಿಯುವುದಿಲ್ಲ. ಕಾಡುಗಳ ಹಣೆಬರಹ ಈ ಒಂದು ವ್ಯತ್ಯಾಸದ ಮೇಲೆ ನಿಂತಿದೆ.

ಅರುಣಾಚಲದ ಮಟ್ಟಿಗೆ ಇದು ಇನ್ನೂ ಹೆಚ್ಚು ನಿಜ. ಬ್ರಹ್ಮಪುತ್ರದ ಬಯಲಿನಲ್ಲಿ ಸಮುದ್ರಮಟ್ಟದಿಂದ ನೂರಿನ್ನೂರು ಮೀಟರ್ ಎತ್ತರದಲ್ಲಿ ಶುರುವಾಗುವ ನೆಲ ಟಿಬೆಟ್ಟಿನ ಗಡಿ ಮುಟ್ಟುವ ಹೊತ್ತಿಗೆ ಹಲವೆಡೆ ಆರೇಳು ಸಾವಿರ ಮೀಟರ್ ಏರುತ್ತದೆ. ಬಾಳೆ, ಬಿದಿರಿನ ಕಾಡಿನಿಂದ ಓಕ್ ಕಾಡಿಗೆ, ಅಲ್ಲಿಂದ ರೋಡೋಡೆಂಡ್ರಾನ್ ಪೊದೆಗಳಿಗೆ, ಅಲ್ಲಿಂದ ಹಿಮಕ್ಕೆ. ಕಾಮೆಂಗ್, ಸುಬನ್ಸಿರಿ, ಸಿಯಾಂಗ್, ದಿಬಾಂಗ್, ಲೋಹಿತ್ ನದಿಗಳು ಈ ಬೆಟ್ಟಗಳನ್ನು ಆಳವಾಗಿ ಕೊರೆದು ಕಣಿವೆಗಳನ್ನು ಬೇರ್ಪಡಿಸಿವೆ. ಹಕ್ಕಿ ಒಂದು ಕಣಿವೆಯಿಂದ ಇನ್ನೊಂದಕ್ಕೆ ಹಾರಿ ಹೋಗಬಹುದು. ತೇವ ಬಿಟ್ಟು ಬದುಕಲಾಗದ ಎರಡು ಇಂಚಿನ ಕಪ್ಪೆಗೆ ಒಂದು ಒಣ ದಿಣ್ಣೆಯೂ ಗೋಡೆ. ಹೀಗಾಗಿ ಇಲ್ಲಿ ಪ್ರತಿ ಕಣಿವೆಯಲ್ಲೂ, ಒಂದೇ ಬೆಟ್ಟದ ಬೇರೆ ಬೇರೆ ಎತ್ತರದಲ್ಲೂ, ಬೇರೆ ಬೇರೆ ಜೀವಿಗಳಿರುತ್ತವೆ. ಒಂದು ಕಣಿವೆಯ ಪಟ್ಟಿಯನ್ನು ಪಕ್ಕದ ಕಣಿವೆಗೆ ಅನ್ವಯಿಸಲು ಆಗುವುದಿಲ್ಲ.

ಈ ಸೀಮೆಯ ಕಪ್ಪೆ, ಹಾವುಗಳ ಮೊದಲ ದೊಡ್ಡ ಪಟ್ಟಿಗಳಲ್ಲಿ ಒಂದು ಸೈನ್ಯದ ಹಿಂದೆ ಬಂತು. 1911ರ ಮಾರ್ಚ್‌ನಲ್ಲಿ ಬ್ರಿಟಿಷ್ ಅಧಿಕಾರಿ ನೋಯೆಲ್ ವಿಲಿಯಮ್ಸನ್ ಸಿಯಾಂಗ್ ಕಣಿವೆಯಲ್ಲಿ ಕೊಲೆಯಾದರು. ಸೇಡು ತೀರಿಸಲು ಆ ವರ್ಷದ ಕೊನೆಗೆ ಹೊರಟ ದಂಡಿಗೆ ‘ಅಬೋರ್ ಎಕ್ಸ್‌ಪೆಡಿಷನ್’ ಎಂದು ಹೆಸರು. ಅದರ ಜೊತೆ ಕೋಲ್ಕತ್ತದ ಇಂಡಿಯನ್ ಮ್ಯೂಸಿಯಂನ ಸ್ಟ್ಯಾನ್ಲಿ ಕೆಂಪ್ ಪ್ರಾಣಿಗಳನ್ನು ಸಂಗ್ರಹಿಸಲು ಹೋದರು. ಅವರು ತಂದ ಕಪ್ಪೆ, ಹಾವು, ಹಲ್ಲಿಗಳನ್ನು ನೆಲ್ಸನ್ ಆನಂಡೇಲ್ ಪರೀಕ್ಷಿಸಿ 1912ರಲ್ಲಿ ಪ್ರಕಟಿಸಿದರು. ಮುಂದೆ 1916ರಲ್ಲಿ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯ ಶುರುವಾದಾಗ ಅದರ ಮೊದಲ ನಿರ್ದೇಶಕರಾದವರು ಇವರೇ. 2018ರ ತಂಡ ಹಿಡಿದು ಹೊರಟದ್ದು ಕೆಂಪ್ ನಡೆದ ಜಾಡನ್ನು.

ಆ ಹಳೆಯ ಪಟ್ಟಿಯನ್ನು ಇಂದು ಓದುವುದೇ ಒಂದು ಅನುವಾದದ ಕೆಲಸ. ‘ಅಬೋರ್’ ಎಂಬುದು ಆ ಜನ ತಮಗೆ ಇಟ್ಟುಕೊಂಡ ಹೆಸರಲ್ಲ. ಯಾರಿಗೂ ಅಧೀನರಲ್ಲದವರು ಎಂಬ ಅರ್ಥದಲ್ಲಿ ಬಯಲಿನವರು ಅವರನ್ನು ಹಾಗೆ ಕರೆಯುತ್ತಿದ್ದರು. ಅವರು ತಮ್ಮನ್ನು ಆದಿ ಎಂದು ಕರೆದುಕೊಳ್ಳುತ್ತಾರೆ. ಹಳೆಯ ಚೀಟಿಗಳಲ್ಲಿರುವ ‘ದಫ್ಲಾ ಹಿಲ್ಸ್’ನ ಜನ ಇಂದು ನಿಶಿ. ಒಂದು ಕಪ್ಪೆ ನಿಖರವಾಗಿ ಎಲ್ಲಿ ಸಿಕ್ಕಿತ್ತು ಎಂದು ಹುಡುಕಿ ಹೊರಟವರು ಮೊದಲು ಯಾವ ಹಳ್ಳಿಯ ಹೆಸರು ಯಾವ ಕಿವಿಗೆ ಹೇಗೆ ಕೇಳಿ ಹೇಗೆ ಬರೆಯಲ್ಪಟ್ಟಿದೆ ಎಂದು ಬಿಡಿಸಬೇಕು. ಪಟ್ಟಿಯಲ್ಲಿರುವ ಪ್ರಾಣಿಗಳ ಹೆಸರುಗಳೂ ನಿಂತಲ್ಲಿ ನಿಂತಿಲ್ಲ. ರೋಟುಂಗ್ ಎಂಬಲ್ಲಿ ಸಿಕ್ಕ ಒಂದು ಸಣ್ಣ ಕಪ್ಪೆಯನ್ನು ಆನಂಡೇಲ್ ಮೈಕ್ರಿಕ್ಸಾಲಸ್ ಕುಲಕ್ಕೆ ಸೇರಿಸಿ, ಉತ್ತರದ್ದು ಎಂಬ ಅರ್ಥದಲ್ಲಿ ‘ಬೊರಿಯಾಲಿಸ್’ ಎಂದು ಹೆಸರಿಟ್ಟರು. ಮೈಕ್ರಿಕ್ಸಾಲಸ್ ಎಂದರೆ ಇಂದು ಪಶ್ಚಿಮ ಘಟ್ಟಗಳ ಹಳ್ಳಗಳಲ್ಲಿ ಹಿಂಗಾಲು ಬೀಸಿ ಸನ್ನೆ ಮಾಡುವ ‘ಕುಣಿಯುವ ಕಪ್ಪೆ’ಗಳ ಕುಲ, ಅದು ಘಟ್ಟದಾಚೆ ಎಲ್ಲೂ ಇಲ್ಲ. ರೋಟುಂಗ್‌ನ ಕಪ್ಪೆಯನ್ನು ಮುಂದೆ ಬೇರೆ ಕುಲಕ್ಕೆ ಸೇರಿಸಲಾಯಿತು. ಆನಂಡೇಲ್ ಅಸಡ್ಡೆಯ ಮನುಷ್ಯರಾಗಿರಲಿಲ್ಲ. ಹೋಲಿಸಿ ನೋಡಲು ಅವರ ಬಳಿ ಮಾದರಿಗಳು ಕಡಿಮೆ ಇದ್ದವು, ಅಷ್ಟೆ. ಒಂದು ಸಲದ ಭೇಟಿಯ ಪಟ್ಟಿ ಎಂದರೆ ಹೀಗೆಯೇ: ಅದು ಮೊದಲ ಕರಡು.

ಇಂದಿನ ಸಮೀಕ್ಷೆಯಲ್ಲಿ ಸೈನ್ಯವಿಲ್ಲ, ಜಿಪಿಎಸ್ ಇದೆ. ಆದರೆ ಕೆಲಸದ ರೀತಿ ಬಹಳ ಬದಲಾಗಿಲ್ಲ. ಹುಲಿ, ಆನೆಗಳಿಗೆ ಕ್ಯಾಮೆರಾ ಕಟ್ಟಿ ಬರಬಹುದು. ಕಪ್ಪೆ, ಹಾವುಗಳ ಬಳಿಗೆ ಮನುಷ್ಯರೇ ಹೋಗಬೇಕು, ಅದೂ ರಾತ್ರಿ, ಅದೂ ಮಳೆಯಲ್ಲಿ. ಕತ್ತಲಾದ ಮೇಲೆ ಹಣೆಗೆ ಟಾರ್ಚ್ ಕಟ್ಟಿಕೊಂಡು ಮೂರ್ನಾಲ್ಕು ಜನ ಹಳ್ಳದ ನೀರಿನಲ್ಲೇ ಮೇಲಕ್ಕೆ ನಡೆಯುತ್ತಾರೆ. ಬಂಡೆಯ ಸಂದು, ಎಲೆಯ ಅಡಿ, ಬಿದ್ದ ಮರದ ಪೊಟರೆ, ಹೀಗೆ ಒಂದೊಂದನ್ನೂ ನೋಡುತ್ತಾರೆ. ಕಣ್ಣಿಗೆ ಬೀಳದ್ದನ್ನು ಕೂಗಿನಿಂದ ಗುರುತಿಸಿ ರೆಕಾರ್ಡ್ ಮಾಡುತ್ತಾರೆ. ಕಾಡಿನ ನೆಲದಲ್ಲಿ ಚೌಕ ಹಾಕಿ ಒಂದೊಂದೇ ತರಗೆಲೆ ಎತ್ತಿ ಹುಡುಕುತ್ತಾರೆ. ಸಿಕ್ಕಿದ ಕಪ್ಪೆಯ ಉದ್ದ ಅಳೆಯಬೇಕು. ಹಾವಾದರೆ ಬೆನ್ನಿನ ಹುರುಪೆಗಳ ಸಾಲು, ಹೊಟ್ಟೆಯ ಹುರುಪೆ, ಬಾಲದಡಿಯ ಹುರುಪೆ ಎಲ್ಲವನ್ನೂ ಎಣಿಸಬೇಕು. ಜಾಗ, ಎತ್ತರ, ಉಷ್ಣಾಂಶ ಬರೆದುಕೊಳ್ಳಬೇಕು. ಕೊನೆಯದಾಗಿ ಎಷ್ಟು ಜನ ಎಷ್ಟು ಹೊತ್ತು ಹುಡುಕಿದರು ಎಂಬುದನ್ನೂ ದಾಖಲಿಸಬೇಕು. ನಾಲ್ಕು ಜನ ಮೂರು ಗಂಟೆ ಹುಡುಕಿದರೆ ಅದು ಹನ್ನೆರಡು ಗಂಟೆಯ ಹುಡುಕಾಟ. ಇಷ್ಟೂ ಇಂಬಳಗಳ ನಡುವೆ, ಗುಡ್ಡ ಕುಸಿದು ದಾರಿ ಯಾವಾಗ ಮುಚ್ಚುತ್ತದೋ ಗೊತ್ತಿಲ್ಲದ ತಿಂಗಳುಗಳಲ್ಲಿ ನಡೆಯಬೇಕು.

ಆ ತಿಂಗಳುಗಳನ್ನು ತಪ್ಪಿಸಿದರೆ ಕೆಲಸವೇ ತಪ್ಪುತ್ತದೆ. ಹಲವು ಕಪ್ಪೆಗಳು ವರ್ಷದಲ್ಲಿ ಕೆಲವೇ ರಾತ್ರಿ ಕೂಗುತ್ತವೆ, ಮೊಟ್ಟೆ ಇಟ್ಟು ಮತ್ತೆ ತರಗೆಲೆ, ಮಣ್ಣು ಸೇರಿಬಿಡುತ್ತವೆ. ಆ ರಾತ್ರಿಗಳಲ್ಲಿ ಅಲ್ಲಿದ್ದವರಿಗೆ ಅದು ಆ ಕಾಡಿನ ಅತಿ ಸಾಮಾನ್ಯ ಕಪ್ಪೆ. ಹದಿನೈದು ದಿನ ತಡವಾಗಿ ಬಂದವರಿಗೆ ಅದು ಇಲ್ಲವೇ ಇಲ್ಲ. ಹೊಂದಿಕೆಯಾಗದವರನ್ನು ಒಂದೆಡೆ ಕೂರಿಸುವ ಕಷ್ಟಕ್ಕೆ ಕನ್ನಡದಲ್ಲಿ ‘ಕಪ್ಪೆಗಳನ್ನು ತಕ್ಕಡಿಗೆ ಹಾಕಿದ ಹಾಗೆ’ ಎನ್ನುತ್ತೇವೆ. ಸಮೀಕ್ಷಕರ ಪಾಲಿಗೆ ಅದು ಗಾದೆಯಾಗಿ ಉಳಿದಿಲ್ಲ. ಒಂದನ್ನು ಎಣಿಸುವಷ್ಟರಲ್ಲಿ ಇನ್ನೊಂದರ ಕಾಲವೇ ಮುಗಿದಿರುತ್ತದೆ.

ಸರಿಯಾದ ರೀತಿಯಲ್ಲಿ, ಸಾಕಷ್ಟು ಕಾಲ ಹುಡುಕಿದರೆ ಏನಾಗುತ್ತದೆ ಎನ್ನುವುದಕ್ಕೆ ಈಶಾನ್ಯದಲ್ಲೇ ಒಂದು ಉದಾಹರಣೆ ಇದೆ. ಸೆಸಿಲಿಯನ್‌ಗಳು ಕಪ್ಪೆಯ ದೂರದ ಬಂಧುಗಳು. ಕಾಲಿಲ್ಲ, ನೋಡಲು ದೊಡ್ಡ ಎರೆಹುಳುವಿನ ಹಾಗೆ. ಮಣ್ಣಿನೊಳಗೇ ಬದುಕುತ್ತವೆ. ಅಸ್ಸಾಮಿನ ಕಾಛಾಡ್ ಸೀಮೆಯಲ್ಲಿ ಸಿಕ್ಕ ಒಂದೇ ಒಂದು ಮಾದರಿಯನ್ನು ಆಧರಿಸಿ 1904ರಲ್ಲಿ ಒಂದು ಪ್ರಭೇದಕ್ಕೆ ಹೆಸರಿಡಲಾಗಿತ್ತು. ನೂರು ವರ್ಷ ಅದು ಪುಸ್ತಕದ ಒಂದು ಸಾಲಾಗಿ ಉಳಿಯಿತು. ದೆಹಲಿ ವಿಶ್ವವಿದ್ಯಾಲಯದ ಎಸ್.ಡಿ. ಬಿಜು ಮತ್ತು ಸಂಗಡಿಗರು ಹಾರೆ, ಗುದ್ದಲಿ ಹಿಡಿದು ಈಶಾನ್ಯದ ರಾಜ್ಯಗಳಲ್ಲಿ ಸುಮಾರು 250 ಜಾಗಗಳಲ್ಲಿ ಐದು ವರ್ಷ ಮಣ್ಣು ಅಗೆದರು. 2012ರಲ್ಲಿ ಅವರು ಪ್ರಕಟಿಸಿದ್ದು ಹೊಸ ಪ್ರಭೇದವನ್ನಲ್ಲ, ಹೊಸ ಕುಲವನ್ನೂ ಅಲ್ಲ, ಇಡೀ ಒಂದು ಹೊಸ ಕುಟುಂಬವನ್ನು. ಅದರ ಹತ್ತಿರದ ಬಂಧುಗಳು ಇರುವುದು ಆಫ್ರಿಕಾದಲ್ಲಿ. ಭೂಖಂಡಗಳು ಒಂದಾಗಿದ್ದ ಕಾಲದ ನಂಟು ಅದು. ಕೆಸರುಗದ್ದೆಯ ಅಂಚಿನಲ್ಲಿ, ಮನೆಯ ಹಿತ್ತಲಲ್ಲಿ ಕೂಡ ಇರಬಲ್ಲ ಜೀವಿ ಇದು. ಜನ ಹಾವೆಂದು ಹೆದರಿ ಕೊಲ್ಲುತ್ತಿದ್ದರು. ಅದು ಅಪರೂಪ ಎಂದು ಅಷ್ಟು ಕಾಲ ನಂಬಿದ್ದಕ್ಕೆ ಕಾರಣ ಸರಳ: ಯಾರೂ ಅಗೆದಿರಲಿಲ್ಲ.

ಆ ಕುಟುಂಬಕ್ಕೆ ಇಟ್ಟ ಹೆಸರು ಚಿಕಿಲಿಡೆ. ಗಾರೋ ಭಾಷೆಯಲ್ಲಿ ಆ ಜೀವಿಗೆ ಇರುವ ಹೆಸರು ಚಿಕಿಲ. ವಿಜ್ಞಾನ 2012ರಲ್ಲಿ ಗುರುತಿಸಿದ್ದಕ್ಕೆ ಗಾರೋ ಜನರಲ್ಲಿ ಎಂದಿನಿಂದಲೋ ಹೆಸರು ಇತ್ತು. ಈ ಸಂಗತಿಗೆ ಮತ್ತೆ ಬರೋಣ.

ಒಂದೇ ಸಲ ಕಂಡವುಗಳ ಸಾಲು ಅರುಣಾಚಲದಲ್ಲಿ ಉದ್ದವಿದೆ. ಪಶ್ಚಿಮ ಕಾಮೆಂಗ್ ಜಿಲ್ಲೆಯ ಈಗಲ್‌ನೆಸ್ಟ್ ವನ್ಯಜೀವಿ ಧಾಮದಲ್ಲಿ ಬೊಂಪು ಎಂಬ ಬಿಡಾರದ ಜಾಗ ಇದೆ. ಅಲ್ಲಿ ಸಿಕ್ಕ, ಬೂದು ನೀಲಿ ಕಣ್ಣಿನ ಒಂದು ಕಪ್ಪೆಗೆ 2011ರಲ್ಲಿ ಆ ಜಾಗದ ಹೆಸರನ್ನೇ ಇಡಲಾಯಿತು. ಆಧಾರ, ಒಂದೇ ಮಾದರಿ. ಅದೇ ಜಿಲ್ಲೆಯ ರಾಮ್ಡಾ ಹಳ್ಳಿಯ ಬಳಿ ಸಿಕ್ಕ ಕಂದು ಗುಳಿಮಂಡಲದ ಹಾವಿಗೆ 2019ರಲ್ಲಿ ರಾಜ್ಯದ ಹೆಸರು ಸಿಕ್ಕಿತು. ಅಲ್ಲೂ ಆಧಾರ ಒಂದೇ ಗಂಡು ಹಾವು. ಆನಂಡೇಲ್ 1908ರಲ್ಲಿ ಹೆಸರಿಟ್ಟ ಒಂದು ಓತಿಕ್ಯಾತವೂ ‘ದಫ್ಲಾ ಹಿಲ್ಸ್’ನ ಒಂದೇ ಮಾದರಿಯಿಂದ ತಿಳಿದಿತ್ತು, ಅದು ಮತ್ತೆ ಕಂಡದ್ದು 2000ದ ದಶಕದಲ್ಲಿ ಈಗಲ್‌ನೆಸ್ಟ್‌ನಲ್ಲಿ ಮೊದಲ ಬಾರಿಗೆ ವರ್ಷಗಟ್ಟಲೆ ಸಮೀಕ್ಷೆ ನಡೆದಾಗ. ಈ ಪ್ರಾಣಿಗಳು ಎಷ್ಟಿವೆ, ಏನು ತಿನ್ನುತ್ತವೆ, ಎಷ್ಟು ಎತ್ತರದವರೆಗೆ ಇವೆ ಎಂಬ ಪ್ರಶ್ನೆಗಳಿಗೆ ಒಂದು ಮಾದರಿ ಉತ್ತರ ಕೊಡಲಾರದು. ಜಾಗತಿಕ ಪಟ್ಟಿಗಳಲ್ಲಿ ಇಂಥವನ್ನು ‘ಮಾಹಿತಿ ಸಾಲದು’ ಎಂಬ ಗುಂಪಿಗೆ ಹಾಕುತ್ತಾರೆ. ಪ್ರಾಮಾಣಿಕವಾದ ಮಾತು ಅದು. ಆದರೆ ಅಪಾಯದಲ್ಲಿದೆ ಎಂದು ಬರೆಯದ ಕಾರಣಕ್ಕೇ ಅದು ಅಪಾಯದಲ್ಲಿಲ್ಲ ಎಂದು ಕಚೇರಿಗಳು ಓದಿಕೊಳ್ಳುತ್ತವೆ.

ಕಚೇರಿಗಳಲ್ಲಿ ಈ ಓದು ಹೇಗೆ ನಡೆಯುತ್ತದೆ ಎನ್ನುವುದಕ್ಕೆ ದಿಬಾಂಗ್ ಕಣಿವೆಯ ಎಟಾಲಿನ್ ಜಲವಿದ್ಯುತ್ ಯೋಜನೆಯನ್ನು ನೋಡಬಹುದು. 3,097 ಮೆಗಾವಾಟ್‌ನ ಯೋಜನೆ. ಇದು ಬರಬೇಕಿದ್ದದ್ದು ಇದು ಮಿಶ್ಮಿ ಜನರ ನೆಲದಲ್ಲಿ. ಸುಮಾರು 1,165 ಹೆಕ್ಟೇರ್ ಅರಣ್ಯಭೂಮಿ ಮತ್ತು 2.8 ಲಕ್ಷ ಮರಗಳ ಪ್ರಶ್ನೆ ಇದ್ದದ್ದರಿಂದ ಪ್ರಸ್ತಾವ ಕೇಂದ್ರದ ಅರಣ್ಯ ಸಲಹಾ ಸಮಿತಿಯ ಮುಂದೆ ಬಂತು. 2017ರಲ್ಲಿ ಸಮಿತಿ ಹೇಳಿದ್ದು ಸರಿಯಾಗಿಯೇ ಇತ್ತು: ಹಲವು ಋತುಗಳಲ್ಲಿ ಮತ್ತೆ ಮತ್ತೆ ಜೀವವೈವಿಧ್ಯ ಅಧ್ಯಯನ ಆಗಬೇಕು. ನಡೆದ ಅಧ್ಯಯನ 2018ರ ಫೆಬ್ರವರಿಯಿಂದ ಜೂನ್‌ವರೆಗಿನದು. ಮುಂಗಾರಿನ ನಟ್ಟನಡುವಿನ ತಿಂಗಳುಗಳೇ ಅದರಲ್ಲಿ ಇರಲಿಲ್ಲ. ಅದನ್ನು ಆಧರಿಸಿ ಸಿದ್ಧವಾದ ವನ್ಯಜೀವಿ ಸಂರಕ್ಷಣಾ ಯೋಜನೆಯ ಕೊರತೆಗಳನ್ನು 2020ರಲ್ಲಿ ದೇಶದ ಹಲವು ಸಂಸ್ಥೆಗಳ ವಿಜ್ಞಾನಿಗಳು ಒಟ್ಟಾಗಿ ಬರೆದು ತಿಳಿಸಿದರು. ಕೊನೆಗೆ 2022ರ ಡಿಸೆಂಬರ್‌ನಲ್ಲಿ ಸಮಿತಿ ಪ್ರಸ್ತಾವವನ್ನು ಆಗಿದ್ದ ರೂಪದಲ್ಲಿ ಪರಿಗಣಿಸಲಾಗದು ಎಂದಿತು.

ಇಲ್ಲಿ ಗಮನಿಸಬೇಕಾದದ್ದು ಗೆದ್ದವರು ಯಾರು, ಸೋತವರು ಯಾರು ಎಂಬುದನ್ನಲ್ಲ. ಕೆಲವೇ ತಿಂಗಳ ಒಂದು ಪಟ್ಟಿ ಒಂದು ಕಣಿವೆಯ ಪೂರ್ಣ ಲೆಕ್ಕವಾಗಿ ಬಹುತೇಕ ಒಪ್ಪಿಗೆಯಾಗುವ ಹಂತದವರೆಗೆ ಹೋಗಿತ್ತು. ಎಟಾಲಿನ್ ವಿಷಯದಲ್ಲಿ ಪ್ರಶ್ನೆ ಕೇಳುವವರಿದ್ದರು. ದೇಶದ ಎಷ್ಟೋ ರಸ್ತೆ, ಗಣಿ, ಕಿರು ವಿದ್ಯುತ್ ಯೋಜನೆಗಳ ವರದಿಗಳಲ್ಲಿ ‘ಉಭಯಚರಗಳು’ ಎಂಬ ತಲೆಬರಹದ ಕೆಳಗೆ ನಾಲ್ಕೈದು ಸಾಮಾನ್ಯ ಕಪ್ಪೆಗಳ ಹೆಸರು ಬರೆದು ಮುಗಿಸಿದಾಗ ಅದನ್ನು ಓದುವವರೇ ಇರುವುದಿಲ್ಲ.

ಇದಕ್ಕೆ ಒಂದು ಉತ್ತರ ಸಿದ್ಧವಾಗಿರುತ್ತದೆ. ‘ಹಾಗಾದರೆ ಪ್ರತಿ ಹಾವಿಗೂ 129 ವರ್ಷ ಕಾಯಬೇಕೇ? ಬೆಟ್ಟದ ಜನಕ್ಕೆ ರಸ್ತೆ, ಕರೆಂಟು, ಕೆಲಸ ಬೇಡವೇ?’ ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ. ಆಸ್ಪತ್ರೆಗೆ ದಿನಗಟ್ಟಲೆ ದಾರಿ ನಡೆಯಬೇಕಾದ ಹಳ್ಳಿಯವರಿಗೆ ಕಪ್ಪೆಯ ಲೆಕ್ಕ ಮುಗಿಯಲಿ ತಡೆಯಿರಿ ಎಂದು ನಗರದಲ್ಲಿ ಕೂತು ಹೇಳುವುದು ಅನ್ಯಾಯ. ಆದರೆ ಇಲ್ಲಿ ಕೇಳುತ್ತಿರುವುದು ಅಷ್ಟಲ್ಲ. ಎಲ್ಲವನ್ನೂ ಕಂಡು ಮುಗಿಸುವ ಸಮೀಕ್ಷೆ ಲೋಕದಲ್ಲೇ ಇಲ್ಲ. ಎರಡು ಮೂರು ವರ್ಷ, ಪ್ರತಿ ಮಳೆಗಾಲವೂ ಸೇರಿದಂತೆ ಹುಡುಕಿದರೆ ಒಂದು ಕಣಿವೆಯ ಚಿತ್ರ ಸಾಕಷ್ಟು ಸ್ಪಷ್ಟವಾಗುತ್ತದೆ. ದೊಡ್ಡ ಅಣೆಕಟ್ಟೊಂದು ಕಾಗದದಿಂದ ಕಾಂಕ್ರೀಟಿಗೆ ಬರಲು ಹತ್ತಿಪ್ಪತ್ತು ವರ್ಷ ಹಿಡಿಯುವುದು ನಮ್ಮಲ್ಲಿ ಮಾಮೂಲು. ಆ ಅವಧಿಯಲ್ಲಿ ಮೂರು ಮಳೆಗಾಲಕ್ಕೆ ಜಾಗವಿಲ್ಲ ಎನ್ನುವುದು ನಂಬುವಂಥ ಮಾತಲ್ಲ.

ಇನ್ನೊಂದು ಆಕ್ಷೇಪ ಪ್ರಾಣಿಪ್ರಿಯರ ಕಡೆಯಿಂದ ಬರುತ್ತದೆ: ಹುಡುಕುವುದು ಸರಿ, ಹಿಡಿದು ಕೊಂದು ಸೀಸೆಗೆ ಹಾಕುವುದು ಏಕೆ? ಇದಕ್ಕೂ ಈಗಲ್‌ನೆಸ್ಟ್‌ನಲ್ಲೇ ಒಂದು ಉದಾಹರಣೆ ಇದೆ. 2006ರಲ್ಲಿ ರಮಣ ಆತ್ರೇಯ ಅವರು ಬುಗುನ್ ಲಿಯೋಸಿಕ್ಲಾ ಎಂಬ ಹೊಸ ಹಕ್ಕಿಯನ್ನು ಒಂದನ್ನೂ ಕೊಲ್ಲದೆ, ಉದುರಿದ ಗರಿ, ಫೋಟೊ ಮತ್ತು ಕೂಗಿನ ಆಧಾರದಲ್ಲಿ ವಿವರಿಸಿದರು. ಇದ್ದವೇ ಕೆಲವು ಹಕ್ಕಿಗಳಾದ್ದರಿಂದ ಅದು ಸರಿಯಾದ ನಿರ್ಧಾರ. ಕಪ್ಪೆ, ಹಾವುಗಳಲ್ಲಿ ಇದು ಯಾವಾಗಲೂ ಸಾಧ್ಯವಾಗುವುದಿಲ್ಲ. ಹೊರಗಿನಿಂದ ಒಂದೇ ಥರ ಕಾಣುವ ಎರಡು ಪ್ರಭೇದಗಳನ್ನು ಹುರುಪೆ, ಹಲ್ಲು, ಮೂಳೆ, ಡಿಎನ್‌ಎ ನೋಡಿಯೇ ಬೇರ್ಪಡಿಸಬೇಕಾಗುತ್ತದೆ. ಪೀಲ್ ಅವರ ಎರಡು ಹಾವುಗಳು ಮ್ಯೂಸಿಯಂನಲ್ಲಿ ಉಳಿದಿರದಿದ್ದರೆ ಪೋಬಾದ ಹಾವು ಯಾವುದೆಂದು 2018ರಲ್ಲಿ ಹೇಳುವ ದಾರಿಯೇ ಇರುತ್ತಿರಲಿಲ್ಲ. ಆದ್ದರಿಂದ ಪ್ರಶ್ನೆ ಹಿಡಿಯಬೇಕೋ ಬೇಡವೋ ಎಂಬುದಲ್ಲ. ಎಷ್ಟು ಕಡಿಮೆ ಹಿಡಿದು ಎಷ್ಟು ಹೆಚ್ಚು ತಿಳಿದುಕೊಂಡಿರಿ, ಹಿಡಿದದ್ದನ್ನು ಮುಂದಿನವರಿಗಾಗಿ ಜೋಪಾನ ಮಾಡಿದ್ದೀರಾ ಎಂಬುದು.

ಈಗ ಚಿಕಿಲದ ಹೆಸರಿಗೆ ಮರಳಬಹುದು. ಒಂದು ಬೆಟ್ಟಕ್ಕೆ ಹದಿನೈದು ದಿನ ಬಂದು ಹೋಗುವವರ ಕಣ್ಣು ಎಷ್ಟೇ ಚುರುಕಾಗಿದ್ದರೂ ವರ್ಷದ ಉಳಿದ ಮುನ್ನೂರೈವತ್ತು ದಿನ ಅಲ್ಲಿರುವವರ ಕಣ್ಣಿಗೆ ಸಮವಾಗದು. ಅರುಣಾಚಲದ ಹಲವು ಕಡೆ ಕಪ್ಪೆ ಊಟದ ಪದಾರ್ಥ. ಯಾವ ಹಳ್ಳದಲ್ಲಿ, ಯಾವ ಮಳೆಯ ನಂತರ, ಯಾವ ಕಪ್ಪೆ ಹೊರಬರುತ್ತದೆ ಎಂಬುದು ಅದನ್ನು ಹಿಡಿಯುವವರಿಗೆ ಚೆನ್ನಾಗಿ ಗೊತ್ತಿರಲೇಬೇಕು. ಆದರೂ ಹೆಚ್ಚಿನ ವರದಿಗಳಲ್ಲಿ ಅವರು ಬರುವುದು ಕೊನೆಯ ಪುಟದ ಕೃತಜ್ಞತೆಯಲ್ಲಿ, ದಾರಿ ತೋರಿಸಿದವರಾಗಿ, ಸಾಮಾನು ಹೊತ್ತವರಾಗಿ. ಅವರ ಭಾಷೆಯ ಹೆಸರುಗಳಂತೂ ಅಲ್ಲಿಯೂ ಬರುವುದಿಲ್ಲ.

ಸ್ಥಳೀಯ ಹೆಸರುಗಳನ್ನು ಕಣ್ಣುಮುಚ್ಚಿ ನಂಬಬೇಕೆಂದಲ್ಲ. ಕನ್ನಡದಲ್ಲಿ ಗೋಂಕರುಕಪ್ಪೆ ಎಂಬ ಒಂದೇ ಮಾತು ಹಲವು ಪ್ರಭೇದಗಳನ್ನು ಒಟ್ಟಿಗೆ ಹಿಡಿಯುತ್ತದೆ. ಒಂದೇ ಹಾವಿಗೆ ಊರಿಗೊಂದು ಹೆಸರಿರುತ್ತದೆ. ಹೆಸರಿದ್ದಲ್ಲೆಲ್ಲ ಪ್ರಭೇದ ಇರುವುದಿಲ್ಲ. ಆದರೆ ಬೇರೆ ಬೇರೆ ಹೆಸರಿದ್ದ ಕಡೆ ಯಾರೋ ಒಂದು ವ್ಯತ್ಯಾಸವನ್ನು ಗಮನಿಸಿದ್ದಾರೆ ಎಂದು ಅರ್ಥ. ಹೊರಗಿನವರು ಹುಡುಕಾಟ ಶುರುಮಾಡಲು ಅದಕ್ಕಿಂತ ಒಳ್ಳೆಯ ಸುಳಿವು ಸಿಗಲಾರದು. ಈ ಭಾಷೆಗಳಲ್ಲಿ ಕೆಲವನ್ನು ಮಾತಾಡುವವರು ಕೆಲವೇ ಸಾವಿರ ಮಂದಿ. ಮಕ್ಕಳು ಶಾಲೆಯಲ್ಲಿ ಹಿಂದಿ, ಇಂಗ್ಲಿಷ್ ಕಲಿತು ಊರಿನ ಕಪ್ಪೆಗಳ ಹೆಸರು ಮರೆಯಲು ಎರಡು ತಲೆಮಾರು ಸಾಕು. ಕಾಡು ಉಳಿದರೂ ಆ ಸುಳಿವು ಉಳಿಯುವುದಿಲ್ಲ.

ಹೆಸರು ಕೊಡುವಾಗ ಸ್ಥಳದ ಕಡೆ ನೋಡಿದವರೂ ಇದ್ದಾರೆ. ಉತ್ತರ ಕನ್ನಡ ಜಿಲ್ಲೆಯ ಕತ್ತಲೆಕಾನಿನ ಹಳ್ಳಗಳಲ್ಲಿ ಒಂದು ಕಪ್ಪೆ ಇದೆ. ಗಂಡು ಕಪ್ಪೆ ಹಿಂಗಾಲ ಮೇಲೆ ನಿಂತು, ಮುಂಗೈಯಲ್ಲಿ ಮಣ್ಣು ಎತ್ತಿ, ತೂಗಾಡುವ ಮೊಟ್ಟೆಗಳಿಗೆ ಮೆತ್ತುತ್ತದೆ. 2014ರಲ್ಲಿ ಕೆ.ವಿ. ಗುರುರಾಜ ಮತ್ತು ಸಂಗಡಿಗರು ಅದನ್ನು ವಿವರಿಸುವಾಗ ಇಟ್ಟ ವೈಜ್ಞಾನಿಕ ಹೆಸರಿನಲ್ಲಿ ‘ಕುಂಬಾರ’ ಎಂಬ ಕನ್ನಡದ ಮಾತೇ ಇದೆ. ಕನ್ನಡ ಬಲ್ಲವರಿಗೆ ಆ ಹೆಸರು ಕೇಳಿದ ಕೂಡಲೇ ಕಪ್ಪೆಯ ಕಸುಬು ಗೊತ್ತಾಗುತ್ತದೆ. ಅರುಣಾಚಲದ ಪಕ್ಕೆ ಹುಲಿ ಸಂರಕ್ಷಿತ ಪ್ರದೇಶದಲ್ಲಿ 2019ರಲ್ಲಿ ಸಿಕ್ಕ ಹಸಿರು ಗುಳಿಮಂಡಲಕ್ಕೆ, ಬೆಂಗಳೂರು ಮತ್ತು ಮುಂಬೈ ಸಂಸ್ಥೆಗಳ ಸಂಶೋಧಕರೂ ಇದ್ದ ತಂಡ, ಹ್ಯಾರಿ ಪಾಟರ್ ಕತೆಯ ಸಾಲಜಾರ್‌ನ ಹೆಸರಿಟ್ಟಿತು. ಅದರಲ್ಲಿ ತಪ್ಪೇನಿಲ್ಲ, ಜಗತ್ತಿನ ಗಮನ ಆ ಹಾವಿನ ಮೇಲೆ ಬಿದ್ದದ್ದು ಅದರಿಂದಲೇ. ಆದರೆ ಪಕ್ಕೆಯ ಸುತ್ತ ವಾಸಿಸುವ ನಿಶಿ ಮಕ್ಕಳಿಗೆ ಆ ಹೆಸರು ಏನನ್ನೂ ಹೇಳುವುದಿಲ್ಲ. ಬುಗುನ್ ಜನರ ಹೆಸರು ಹೊತ್ತ ಹಕ್ಕಿಯ ಕತೆ ಬೇರೆಯಾಯಿತು. 2017ರಲ್ಲಿ ಸಿಂಗ್‌ಚುಂಗ್‌ನ ಬುಗುನ್ ಸಮುದಾಯ ತಮ್ಮದೇ ಕಾಡಿನ 17 ಚದರ ಕಿ.ಮೀ. ಭಾಗವನ್ನು ಸಮುದಾಯ ಮೀಸಲು ಪ್ರದೇಶವನ್ನಾಗಿ ಬಿಟ್ಟುಕೊಟ್ಟಿತು. ಹೆಸರೊಂದೇ ಅದಕ್ಕೆ ಕಾರಣವಲ್ಲ. ವರ್ಷಗಟ್ಟಲೆ ಅಲ್ಲಿ ಜೊತೆಗೂಡಿ ಮಾಡಿದ ಕೆಲಸ ಕಾರಣ. ಮತ್ತೆ ಮತ್ತೆ ಬರುವವರನ್ನು ಊರು ನಂಬುತ್ತದೆ.

ಹಾಗಾದರೆ ಏನು ಬದಲಾಗಬೇಕು? ಮೊದಲನೆಯದು ತೀರಾ ಅಗ್ಗದ್ದು. ಯೋಜನೆಗಳ ಅನುಮತಿಗಾಗಿ ಬರುವ ಪ್ರತಿ ಪಟ್ಟಿಯಲ್ಲೂ ಯಾವ ತಿಂಗಳು, ಎಷ್ಟು ರಾತ್ರಿ, ಎಷ್ಟು ಜನ, ಎಷ್ಟು ಎತ್ತರದವರೆಗೆ ಹುಡುಕಿದರು, ಎಲ್ಲೆಲ್ಲಿಗೆ ಹೋಗಲು ಆಗಲಿಲ್ಲ ಎಂಬುದನ್ನು ಪಟ್ಟಿಯ ಮೊದಲ ಪುಟದಲ್ಲೇ ಬರೆಯುವುದು ಕಡ್ಡಾಯವಾಗಬೇಕು. ಎರಡು ರಾತ್ರಿಯ ಹುಡುಕಾಟದ ಪಟ್ಟಿಯನ್ನು ಎರಡು ರಾತ್ರಿಯದೆಂದೇ ಓದಲು ಇದರಿಂದ ಸಾಧ್ಯವಾಗುತ್ತದೆ. ಎರಡನೆಯದು, ಮಳೆಗಾಲ ಇಲ್ಲದ ಉಭಯಚರಗಳ ಸಮೀಕ್ಷೆಯನ್ನು ಅಪೂರ್ಣವೆಂದು ಹಿಂದಿರುಗಿಸಬೇಕು.

ಮೂರನೆಯದು ದುಡ್ಡಿನ ಮಾತು. ಹೊಸ ಪ್ರಭೇದ ಸಿಕ್ಕರೆ ಸುದ್ದಿ, ಪ್ರಬಂಧ, ಮುಂದಿನ ಅನುದಾನ. ಹೋದ ವರ್ಷ ಹೋದ ಹಳ್ಳಕ್ಕೇ ಈ ವರ್ಷವೂ ಹೋಗಿ, ಅದೇ ಕಪ್ಪೆಗಳನ್ನು ಮತ್ತೆ ಎಣಿಸಿ, ಎರಡು ಕಡಿಮೆಯಾಗಿವೆ ಎಂದು ಬರೆದರೆ ಯಾವುದೂ ಇಲ್ಲ. 2023ರಲ್ಲಿ ಪ್ರಕಟವಾದ ಜಾಗತಿಕ ಅಧ್ಯಯನದ ಪ್ರಕಾರ ಉಭಯಚರ ಪ್ರಭೇದಗಳಲ್ಲಿ ಶೇ. 41ರಷ್ಟು ಅಳಿವಿನ ಅಪಾಯದಲ್ಲಿವೆ. ಬೆನ್ನೆಲುಬಿರುವ ಪ್ರಾಣಿಗಳಲ್ಲಿ ಇಷ್ಟು ಕೆಟ್ಟ ಸ್ಥಿತಿ ಬೇರೆ ಯಾವ ಗುಂಪಿಗೂ ಇಲ್ಲ. ಹವಾಮಾನ ಬಿಸಿಯಾದಂತೆ ಬೆಟ್ಟದ ಕಪ್ಪೆಗಳು ಮೇಲಕ್ಕೆ ಸರಿಯುತ್ತಿವೆಯೇ ಎಂದು ತಿಳಿಯಬೇಕಾದರೆ ಮೊದಲು ಅವು ಎಲ್ಲಿದ್ದವು ಎಂಬ ದಾಖಲೆ ಬೇಕು, ಆಮೇಲೆ ಅದೇ ಜಾಗಕ್ಕೆ ಮತ್ತೆ ಹೋಗುವವರು ಬೇಕು. ಮೊದಲ ಭೇಟಿಗೆ ಕೊಡುವ ಹಣದ ಒಂದು ಪಾಲನ್ನು ಎರಡನೇ, ಮೂರನೇ ಭೇಟಿಗೆಂದೇ ಎತ್ತಿಡಬೇಕು.

ನಾಲ್ಕನೆಯದು, ಆ ಮತ್ತೆ ಹೋಗುವವರು ದೂರದಿಂದ ಬರಬೇಕಾಗಿಲ್ಲ. ಹಳ್ಳಿಯ ಹುಡುಗರು, ಹುಡುಗಿಯರಿಗೆ ತರಬೇತಿ, ಸಂಬಳ, ಟಾರ್ಚು, ರೆಕಾರ್ಡರ್ ಕೊಟ್ಟರೆ ವರ್ಷವಿಡೀ ಕೆಲಸ ನಡೆಯುತ್ತದೆ. ಪ್ರಬಂಧದಲ್ಲಿ ಅವರ ಹೆಸರು ಲೇಖಕರ ಸಾಲಿನಲ್ಲಿ ಬರಲಿ, ಪ್ರಾಣಿಗೆ ಅವರ ಭಾಷೆಯಲ್ಲಿರುವ ಹೆಸರು ವೈಜ್ಞಾನಿಕ ಹೆಸರಿನ ಪಕ್ಕದಲ್ಲೇ ಬರಲಿ. ಮುಂದೆ ಆ ಕಣಿವೆಗೆ ಯಾವುದಾದರೂ ಯೋಜನೆ ಬಂದಾಗ, ಹೊರಗಿನವರು ತಂದ ಪಟ್ಟಿಯನ್ನು ಓದಿ ಇದರಲ್ಲಿ ಇಂಥದ್ದು ಬಿಟ್ಟುಹೋಗಿದೆ ಎಂದು ಹೇಳಬಲ್ಲವರು ಆ ಊರಿನಲ್ಲೇ ಇರುತ್ತಾರೆ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದರು ಹಿರಿಯರು. ಕಂಡದ್ದಕ್ಕೇ ಅಷ್ಟು ಎಚ್ಚರ ಬೇಕಾದರೆ ಕಾಣದ್ದನ್ನು ಇಲ್ಲ ಎನ್ನುವ ಮೊದಲು ಇನ್ನೂ ಹೆಚ್ಚು ಬೇಕು. ಪೀಲ್ ತಮ್ಮ ಹಾವುಗಳನ್ನು ಹಿಡಿದ ಮೇಲಣ ಅಸ್ಸಾಮಿನ ಕಾಡಿನ ಬಹುಭಾಗ ಇಂದು ಚಹಾ ತೋಟ, ಊರು, ರಸ್ತೆ. ಹಾವು ಮತ್ತೆ ಸಿಕ್ಕಿದ್ದು ಅಲ್ಲಿಂದ ನೂರಕ್ಕೂ ಹೆಚ್ಚು ಕಿ.ಮೀ. ದೂರದ, ಇನ್ನೂ ಉಳಿದಿದ್ದ ಒಂದು ತುಂಡು ಕಾಡಿನಲ್ಲಿ. ಪೋಬಾ ಉಳಿದಿತ್ತು, ಆದ್ದರಿಂದ ‘ಕಾಣಲಿಲ್ಲ’ ಎಂಬ ಮಾತನ್ನು 129 ವರ್ಷದ ನಂತರವಾದರೂ ತಿದ್ದಲು ಆಯಿತು. ಕಡಿದ ಮೇಲೆ ತಿದ್ದಲು ಬರುವುದಿಲ್ಲ.